ಕೂಸಿನ ತೊಡೆಯ ಸೂಜಿ, ನಾಯಿಕೆಮ್ಮಿನ ವಂಶಾವಳಿ

ಗುರುವಾರ ಬಂತೆಂದರೆ ಬಾಗಲಕೋಟೆಯ ವಿದ್ಯಾಗಿರಿ, ನವನಗರದ ಕಡೆ ಎಳೆಗೂಸುಗಳನ್ನು ಎದೆಗವುಚಿಕೊಂಡ ತಾಯಂದಿರು ಸೂಜಿ ಮಾಡಿಸಲು ಹೊರಡುತ್ತಾರೆ. ಕೂಸಿನ ತಲೆಗೆ ಕುಂಚಿಗೆ, ತಾಯಿಯ ಕೈಯಲ್ಲಿ ಮಡಿಕೆ ಸವೆದ ತಾಯಿ ಕಾರ್ಡು, ಹಿಂದೆ ಚೀಲ ಹಿಡಿದ ಅಜ್ಜಿ. ನರ್ಸಬಾಯಿ ಡಬ್ಬಿಯ ಮುಚ್ಚಳ ತೆಗೆದು, ಐಸ್‌ಪ್ಯಾಕುಗಳ ನಡುವಿನಿಂದ ಪುಟ್ಟ ಬಾಟಲಿಯೊಂದನ್ನು ಎತ್ತಿಕೊಳ್ಳುತ್ತಾರೆ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದು ವೃತ್ತ, ವೃತ್ತದೊಳಗೊಂದು ಚೌಕ. ಚೌಕ ಇನ್ನೂ ಬೆಳ್ಳಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲವೆಂದು ಅರ್ಥ. ಬಾಟಲಿ ಅಲುಗಾಡಿಸಿದರೆ ತಳದಲ್ಲಿ ಕೂತ ಬಿಳಿ ಗಸಿ ಮೇಲೆದ್ದು, ದ್ರವವೆಲ್ಲ ನೀರುಮಜ್ಜಿಗೆಯಂತೆ ಮಬ್ಬಾಗುತ್ತದೆ. ಅದರಲ್ಲಿ ಅರ್ಧ ಮಿಲಿಲೀಟರು ಸಿರಿಂಜಿಗೆ ಏರಿ, ಕೂಸಿನ ಎಡತೊಡೆಗೆ ಇಳಿಯುತ್ತದೆ. ಕೂಸು ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ಓಣಿಗೆಲ್ಲ ಕೇಳುವಂತೆ ಅಳುತ್ತದೆ.

ಆ ಮಬ್ಬಿನಲ್ಲಿ ಅಲ್ಯುಮಿನಿಯಂ ಲವಣದ ಜೊತೆಗೆ ನಾಯಿಕೆಮ್ಮಿನ ರೋಗಾಣುಗಳಿವೆ. ಕೋಟಿಗಟ್ಟಲೆ ಇವೆ, ಇಡಿಇಡಿಯಾಗಿ, ಕೊಂದ ಸ್ಥಿತಿಯಲ್ಲಿ. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಲಸಿಕೆಯಾದರೆ ಅದರಲ್ಲಿ 134 ಮತ್ತು 509 ಎಂಬ ಸಂಖ್ಯೆಯ ತಳಿಗಳೂ ಸೇರಿರುತ್ತವೆ. ಅವು ಎಷ್ಟೋ ದಶಕಗಳ ಹಿಂದೆ ಕೆಮ್ಮುವ ಮಕ್ಕಳಿಂದ ಸಂಗ್ರಹಿಸಿದವು. ಆ ಮಕ್ಕಳು ಬದುಕಿದ್ದರೆ ಇಂದು ಅಜ್ಜ ಅಜ್ಜಿಯರು. ಅವರ ಗಂಟಲಿನಿಂದ ಬಂದ ರೋಗಾಣು ಘಟಪ್ರಭೆಯ ದಂಡೆಯ ಕೂಸಿಗೆ ಕಾವಲು ನಿಂತಿದೆ. ಈ ನಡುವೆ ಹೊರಜಗತ್ತಿನಲ್ಲಿ ಜೀವಂತವಾಗಿ ಓಡಾಡುವ ಅದರ ಬಳಗ ಮೊದಲಿನಂತೆ ಉಳಿದಿಲ್ಲ. ಅದನ್ನು ಬದಲಿಸಿದ ಶಕ್ತಿಗಳಲ್ಲಿ ಈ ಸೂಜಿಯೂ ಒಂದು.

ನಾಯಿಕೆಮ್ಮು ಎಂದರೇನೆಂದು ಇಂದಿನ ಎಳೆಯ ತಾಯಂದಿರಿಗೆ ವಿವರಿಸಿ ಹೇಳಬೇಕು. ಅದೂ ಲಸಿಕೆಯ ಗೆಲುವೇ. ಮೊದಲ ಒಂದೆರಡು ವಾರ ಸಾದಾ ನೆಗಡಿ. ಆಮೇಲೆ ಕೆಮ್ಮು ಸರಪಳಿಯಾಗುತ್ತದೆ: ಹತ್ತು, ಹದಿನೈದು, ಇಪ್ಪತ್ತು ಸಲ, ನಡುವೆ ಉಸಿರಿಗೂ ಬಿಡುವಿಲ್ಲ. ಮುಖ ಕೆಂಪೇರಿ ನೀಲಿಗಟ್ಟುತ್ತದೆ, ಕಣ್ಣು ಹೊರಬರುವಂತಾಗುತ್ತದೆ, ಕೊನೆಗೆ ‘ಹೂಪ್’ ಎಂದು ಗಾಳಿ ಒಳಗೆಳೆದುಕೊಂಡು ಕುಡಿದ ಹಾಲನ್ನೆಲ್ಲ ಕಾರಿಕೊಳ್ಳುತ್ತದೆ ಮಗು. ಚೀನಾ, ಜಪಾನುಗಳಲ್ಲಿ ಇದರ ಹೆಸರೇ ನೂರು ದಿನದ ಕೆಮ್ಮು. ಎರಡು ಮೂರು ತಿಂಗಳ ಕೂಸಿಗೆ ಆ ‘ಹೂಪ್’ ಎನ್ನುವ ತಾಕತ್ತೂ ಇರುವುದಿಲ್ಲ. ಕೆಮ್ಮೇ ಕಾಣದೆ ಉಸಿರು ನಿಂತುಬಿಡಬಹುದು. ಈ ರೋಗಕ್ಕೆ ಬಲಿಯಾಗುವವರಲ್ಲಿ ಹೆಚ್ಚಿನವರು ಇಂಥ ಎಳೆಗೂಸುಗಳೇ.

ಕನ್ನಡದ ಹೆಸರಿನಲ್ಲಿ ನಾಯಿ ಬಂದಿರುವುದು ಕೆಮ್ಮಿನ ಸದ್ದಿನಿಂದಲೇ ಇರಬೇಕು. ಆದರೆ ಜೀವಶಾಸ್ತ್ರವೂ ಆ ಹೆಸರಿಗೆ ಹತ್ತಿರವೇ ಬರುತ್ತದೆ. ರೋಗಾಣುವಿನ ಹೆಸರು ಬೋರ್ಡೆಟೆಲ್ಲಾ ಪರ್ಟುಸಿಸ್. ಅದರ ಹತ್ತಿರದ ಸಂಬಂಧಿ ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ನಾಯಿಗಳಿಗೆ ನಿಜವಾಗಿಯೂ ಕೆಮ್ಮು ತರುವ ಜೀವಿ. ಅಂಥದೇ ಒಂದು ಪೂರ್ವಜನಿಂದ ಕವಲೊಡೆದು, ಮನುಷ್ಯನ ಶ್ವಾಸನಾಳವೊಂದನ್ನೇ ಮನೆ ಮಾಡಿಕೊಂಡು ಪರ್ಟುಸಿಸ್ ಬೇರೆಯಾಯಿತು. ನಾಯಿಕೆಮ್ಮಿನ ರೋಗಾಣುವಿಗೆ ನಾಯಿ ಆಸರೆಯಲ್ಲ. ಮನುಷ್ಯನ ಹೊರತು ಅದಕ್ಕೆ ಬೇರೆ ಗತಿಯಿಲ್ಲ.

ಈ ಬೇರೆಯಾಗುವಿಕೆಯಲ್ಲಿ ಅದು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. 2003ರಲ್ಲಿ ಈ ಬಳಗದ ಮೂರು ಜೀವಿಗಳ ಜೀನೋಮ್ ಪೂರ್ತಿ ಓದಿದಾಗ ಅದು ಬಯಲಾಯಿತು. ಬ್ರಾಂಕಿಸೆಪ್ಟಿಕಾದಲ್ಲಿ ಸುಮಾರು 53 ಲಕ್ಷ ಅಕ್ಷರಗಳಿದ್ದರೆ, ಪರ್ಟುಸಿಸ್‌ನಲ್ಲಿ ಉಳಿದದ್ದು ಸುಮಾರು 41 ಲಕ್ಷ. ಜೊತೆಗೆ ಐಎಸ್481 ಎಂಬ ಚಿಕ್ಕ ತುಣುಕೊಂದು ತನ್ನನ್ನೇ ನಕಲು ಮಾಡಿಕೊಳ್ಳುತ್ತ ಜೀನೋಮಿನ ಉದ್ದಕ್ಕೂ 200ಕ್ಕೂ ಹೆಚ್ಚು ಕಡೆ ಹೋಗಿ ಕೂತಿದೆ. ಇಳಕಲ್ಲಿನ ಮಗ್ಗದ ಮುಂದೆ ಕೂತವರಿಗೆ ಇದು ಬೇಗ ಅರ್ಥವಾದೀತು. ಹಾಸಿನ ಎಳೆಗಳ ನಡುವೆ ಎಲ್ಲಿಂದಲೋ ಬಂದ ಗಂಟೊಂದು ಸಿಕ್ಕಿಕೊಂಡರೆ ಆ ಜಾಗದಲ್ಲಿ ನೇಯ್ಗೆ ಕೆಡುತ್ತದೆ, ಉಳಿದ ಸೀರೆ ಹಾಗೇ ಇರುತ್ತದೆ. ಐಎಸ್481 ಒಂದು ವಂಶವಾಹಿಯ ನಡುವೆ ಹೋಗಿ ಕೂತರೆ ಆ ವಂಶವಾಹಿ ಕೆಲಸ ಬಿಡುತ್ತದೆ, ರೋಗಾಣು ಮಾತ್ರ ಬದುಕಿರುತ್ತದೆ. ಈ ಗಂಟನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಎರಡು ಸಲ ಎದುರಾಗುತ್ತದೆ.

1906 ಬಾಗಲಕೋಟೆಯ ಮಟ್ಟಿಗೆ ದೊಡ್ಡ ವರ್ಷ. ವಿದ್ಯಾಗಿರಿಗೆ ಆ ಹೆಸರು ಒಪ್ಪುವಂತೆ ಮಾಡಿದ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಆಗ. ಅದೇ ವರ್ಷ ಬ್ರಸೆಲ್ಸಿನಲ್ಲಿ ಜೂಲ್ ಬೋರ್ಡೆ ಮತ್ತು ಒಕ್ತಾವ್ ಜಾಂಗು ಎಂಬ ಇಬ್ಬರು ವಿಜ್ಞಾನಿಗಳು ಆಲೂಗಡ್ಡೆಯ ಸಾರ, ಗ್ಲಿಸರಿನ್, ರಕ್ತ ಬೆರೆಸಿದ ಪಾಕದ ಮೇಲೆ ಈ ರೋಗಾಣುವನ್ನು ಬೆಳೆಸಿ ತೋರಿಸಿದರು. ಅಷ್ಟು ಉಪಚಾರ ಮಾಡಿದರೂ ಅದು ತಟ್ಟೆಯ ಮೇಲೆ ಕಾಣಿಸಿಕೊಳ್ಳಲು ದಿನಗಟ್ಟಲೆ ಬೇಕು. ಇಂದಿಗೂ ಅದರ ಸ್ವಭಾವ ಅದೇ.

ಕೆಲಸಕ್ಕೆ ಬರುವ ಲಸಿಕೆಗೆ ಮತ್ತೆ ಮೂವತ್ತು ವರ್ಷ ಹಿಡಿಯಿತು. ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಹಗಲು ಪ್ರಯೋಗಾಲಯದ ನಿತ್ಯದ ಕೆಲಸ ಮುಗಿಸಿ, ಸಂಜೆ ಕೆಮ್ಮುವ ಮಕ್ಕಳ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಮಗುವಿನ ಬಾಯಿ ಮುಂದೆ ಪಾಕದ ತಟ್ಟೆ ಹಿಡಿದು, ಅದರ ಮೇಲೆ ಕೆಮ್ಮಿಸಿ, ತಂದು ಬೆಳೆಸುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದ ದಿನಗಳು ಅವು. ಸೀಮೆಎಣ್ಣೆ ದೀಪದ ಮನೆಗಳಿಗೂ ಅವರು ಹೋದರು. ಹಾಗೆ ತಂದ ರೋಗಾಣುಗಳನ್ನು ಇಡಿಯಾಗಿ ಕೊಂದು ಲಸಿಕೆ ಮಾಡಿ, ಊರಿನ ಮಕ್ಕಳಿಗೆ ಕೊಟ್ಟು, ಪಡೆಯದ ಮಕ್ಕಳ ಜೊತೆ ಹೋಲಿಸಿ, ಅದು ಕೆಲಸ ಮಾಡುತ್ತದೆಂದು ಸಾಬೀತು ಮಾಡಿದರು. ಗಂಟಲಮಾರಿ, ಧನುರ್ವಾಯುಗಳ ಲಸಿಕೆ ಅದರೊಂದಿಗೆ ಸೇರಿ ಡಿಪಿಟಿ ಆಯಿತು. ವಿದ್ಯಾಗಿರಿಯ ಕೂಸಿನ ತೊಡೆಗೆ ಇಳಿಯುವ ಮಬ್ಬು ದ್ರವ ಈ ಇಬ್ಬರು ಹೆಣ್ಣುಮಕ್ಕಳ ಲಸಿಕೆಯ ನೇರ ಸಂತಾನ.

ಲಸಿಕೆ ಬಂದ ಮೇಲೆ ರೋಗಾಣುವಿನ ಕುಲಕ್ಕೆ ಏನಾಯಿತು ಎಂದು ಕೂತು ಲೆಕ್ಕ ಹಾಕಿದವರು ಮುಖ್ಯವಾಗಿ ನೆದರ್ಲೆಂಡ್ಸಿನ ಡಚ್ಚರು. ಅವರ ಸಂಗ್ರಹದಲ್ಲಿ 1949ರಿಂದಲೂ ಶೇಖರಿಸಿಟ್ಟ ತಳಿಗಳಿದ್ದವು. ಲಸಿಕೆಗೆ ಮುಂಚೆ ಬಗೆಬಗೆಯಾಗಿದ್ದ ತಳಿಗಳು, ಲಸಿಕೆ ಶುರುವಾದ ಮೇಲೆ ಕಡಿಮೆಯಾದವು. ಲಸಿಕೆಯಲ್ಲಿದ್ದ ತಳಿಯನ್ನು ಹೋಲುವವು ಮೊದಲು ಹಿಂದೆ ಸರಿದವು. ಬೀಳು ಬಿದ್ದ ಜಾಗದಲ್ಲಿ ಬೇರೆ ಕಳೆ ಏಳುವಂತೆ, ಲಸಿಕೆಯ ತಳಿಗಿಂತ ಸ್ವಲ್ಪ ಬೇರೆಯಾದವು ತಲೆಯೆತ್ತಿದವು. ಫ್ರಿಟ್ಸ್ ಮೂಯ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಪ್ರಕಟಿಸುವ ಹೊತ್ತಿಗೆ, ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು ಜನ ಲಸಿಕೆ ಪಡೆದಿದ್ದ ಆ ದೇಶದಲ್ಲಿ 1996ರ ನಾಯಿಕೆಮ್ಮಿನ ಹಾವಳಿ ಆಗಿಹೋಗಿತ್ತು.

ರೋಗಾಣುವಿನ ವಿಷವಸ್ತುವನ್ನು ತಯಾರಿಸುವ ವಂಶವಾಹಿಗೆ ಮುಂದೆ ಒಂದು ಸ್ವಿಚ್ಚಿನಂಥ ಭಾಗವಿದೆ. ಅದರ ಹೊಸ ರೂಪಕ್ಕೆ ಪಿಟಿಎಕ್ಸ್‌ಪಿ3 ಎಂದು ಹೆಸರು. ಹೊಸ ಸ್ವಿಚ್ಚಿನ ತಳಿಗಳು ಹಳೆಯವಕ್ಕಿಂತ ಹೆಚ್ಚು ವಿಷ ಉತ್ಪಾದಿಸುತ್ತವೆ ಎಂದು ಅದೇ ತಂಡ 2009ರಲ್ಲಿ ತೋರಿಸಿತು. ಈ ತಳಿಗಳು ಕೆಲವೇ ದಶಕಗಳಲ್ಲಿ ಖಂಡಗಳನ್ನು ದಾಟಿ ಹಬ್ಬಿದವು. 2014ರಲ್ಲಿ 19 ದೇಶಗಳ 343 ತಳಿಗಳ ಜೀನೋಮ್ ಓದಿದ ಅಧ್ಯಯನವೊಂದು, 1920ರಿಂದ 2010ರವರೆಗಿನ ಚರಿತ್ರೆಯನ್ನು ಒಟ್ಟಿಗೆ ಕಟ್ಟಿಕೊಟ್ಟಿತು. ಈ ಜೀವಿ ಅತಿ ನಿಧಾನಿ: ವರ್ಷಕ್ಕೆ ಇಡೀ ಜೀನೋಮಿನಲ್ಲಿ ಹೆಚ್ಚುಕಡಿಮೆ ಒಂದೇ ಅಕ್ಷರ ಬದಲಾಗುತ್ತದೆ. ಆ ಬದಲಾವಣೆಗಳು ಎಲ್ಲೆಂದರಲ್ಲಿ ಸಮನಾಗಿ ಹಂಚಿಕೆಯಾಗಿರಲಿಲ್ಲ. ಲಸಿಕೆ ಗುರಿಯಿಡುವ ಭಾಗಗಳಲ್ಲಿ ಅವು ಹೆಚ್ಚಾಗಿ ಕಂಡವು. ಊರೂರಿಗೊಂದು ತಳಿ ಎಂಬುದೂ ಇರಲಿಲ್ಲ. ಒಂದು ಕಡೆ ಗೆದ್ದದ್ದು ವಿಮಾನ ಹತ್ತಿ ಎಲ್ಲ ಕಡೆ ತಲುಪಿತ್ತು.

ಇದು ಜ್ವರ ತರಿಸುವ ಹಳೆಯ ಇಡಿಗೋಶ ಲಸಿಕೆಯ ಕಾಲದ ಮಾತು. ದೊಡ್ಡ ತಿರುವು ಬಂದದ್ದು ಆ ಜ್ವರದ ದೆಸೆಯಿಂದಲೇ.

ಜಪಾನಿನಲ್ಲಿ 1974–75ರಲ್ಲಿ ಡಿಪಿಟಿ ಚುಚ್ಚಿಸಿಕೊಂಡ ಇಬ್ಬರು ಮಕ್ಕಳು ತೀರಿಕೊಂಡಾಗ ಜನ ಹೆದರಿದರು. ಲಸಿಕೆ ಕೆಲಕಾಲ ನಿಂತಿತು, ಶುರುವಾದ ಮೇಲೂ ಎರಡು ವರ್ಷದ ಮಕ್ಕಳಿಗೆ ಎಂದಾಯಿತು. 1979ರ ಒಂದೇ ವರ್ಷ 13,000ಕ್ಕೂ ಹೆಚ್ಚು ಮಕ್ಕಳಿಗೆ ನಾಯಿಕೆಮ್ಮು ಬಂದು 41 ಮಂದಿ ಸತ್ತರು. ಆಗ ಯೂಜಿ ಸಾತೋ ಹೊಸ ದಾರಿ ಹುಡುಕಿದರು: ಇಡೀ ರೋಗಾಣು ಬೇಡ, ಅದರ ಕೆಲವು ಪ್ರೋಟೀನುಗಳನ್ನು ಮಾತ್ರ ಶುದ್ಧಮಾಡಿ ಕೊಡೋಣ. 1981ರಿಂದ ಜಪಾನ್, 1990ರ ದಶಕದಲ್ಲಿ ಅಮೆರಿಕ, ಮುಂದೆ ಯೂರೋಪಿನ ಬಹುತೇಕ ದೇಶಗಳು ಈ ಕೋಶರಹಿತ ಲಸಿಕೆಗೆ ಹೊರಳಿದವು. ಜ್ವರ ಕಡಿಮೆ, ಬಾವು ಕಡಿಮೆ. ನಮ್ಮ ಖಾಸಗಿ ಕ್ಲಿನಿಕ್ಕುಗಳಲ್ಲಿ ‘ನೋವಿಲ್ಲದ ಸೂಜಿ’ ಎಂದು ಕೇಳಿ ಹಾಕಿಸಿಕೊಳ್ಳುವುದು ಇದನ್ನೇ.

ಇಡೀ ರೋಗಾಣು ಕಂಡ ದೇಹಕ್ಕೆ ಅದರ ಮೈಮೇಲಿನ ನೂರಾರು ಗುರುತುಗಳು ಪರಿಚಯವಾಗುತ್ತವೆ. ಕೋಶರಹಿತ ಲಸಿಕೆ ಕಲಿಸುವುದು ಎರಡು, ಮೂರು, ಹೆಚ್ಚೆಂದರೆ ಐದು ಗುರುತು. ಅವುಗಳಲ್ಲೊಂದು ಪರ್ಟಾಕ್ಟಿನ್, ರೋಗಾಣು ಶ್ವಾಸನಾಳಕ್ಕೆ ಅಂಟಿಕೊಳ್ಳಲು ನೆರವಾಗುವ ಪ್ರೋಟೀನು. ಸಂತೆಯಲ್ಲಿ ಕಳ್ಳನನ್ನು ಹುಡುಕುವವರಿಗೆ ಅವನ ಕೆಂಪು ರುಮಾಲು ಮಾತ್ರ ಗೊತ್ತಿದ್ದರೆ, ರುಮಾಲು ಬಿಚ್ಚಿ ಎಸೆದವನು ಪಾರು. ನಾಯಿಕೆಮ್ಮಿನ ರೋಗಾಣು ಮಾಡಿದ್ದು ಅದನ್ನೇ. ಪರ್ಟಾಕ್ಟಿನ್ ತಯಾರಿಸುವುದನ್ನೇ ನಿಲ್ಲಿಸಿತು.

ನಿಲ್ಲಿಸಿದ್ದು ಹೇಗೆ? ಮೊದಲು ಹೇಳಿದ ಗಂಟು, ಐಎಸ್481, ಪರ್ಟಾಕ್ಟಿನ್ ವಂಶವಾಹಿಯ ನಡುವೆ ಹೋಗಿ ಕೂತದ್ದು ಒಂದು ಬಗೆ. ಕೆಲವು ತಳಿಗಳಲ್ಲಿ ವಂಶವಾಹಿಯ ತುಂಡು ಕಳಚಿಹೋಗಿತ್ತು, ಕೆಲವದರಲ್ಲಿ ಒಂದೇ ಅಕ್ಷರ ಬದಲಾಗಿ ವಾಕ್ಯ ಅರ್ಧಕ್ಕೆ ನಿಂತಿತ್ತು. ಇನ್ನು ಕೆಲವದರಲ್ಲಿ ಜೀನೋಮಿನ ದೊಡ್ಡ ಭಾಗವೇ ತಿರುಗಿಬಿದ್ದು ವಂಶವಾಹಿಯ ಮುಂದಿನ ಸ್ವಿಚ್ಚು ತುಂಡಾಗಿತ್ತು. ಬೇರೆಬೇರೆ ದೇಶಗಳಲ್ಲಿ, ಬೇರೆಬೇರೆ ಹೊತ್ತಿನಲ್ಲಿ, ಬೇರೆಬೇರೆ ಬಗೆಯಲ್ಲಿ ಒಂದೇ ಪ್ರೋಟೀನು ಕಾಣೆಯಾಯಿತು. ಇಷ್ಟು ಸಲ ಆಗುವುದನ್ನು ಆಕಸ್ಮಿಕ ಎನ್ನಲು ಸಾಧ್ಯವಿಲ್ಲ. ಆಸ್ಟ್ರೇಲಿಯಾದಲ್ಲಿ 2008ರಲ್ಲಿ ಪರೀಕ್ಷಿಸಿದ ತಳಿಗಳಲ್ಲಿ ಶೇ 5ರಷ್ಟಿದ್ದ ಪರ್ಟಾಕ್ಟಿನ್ ಇಲ್ಲದವು 2012ಕ್ಕೆ ಶೇ 78 ಆದವು. ಅಮೆರಿಕದಲ್ಲಿ 2011ರಿಂದ 2013ರ ನಡುವೆ ಸಂಗ್ರಹಿಸಿದ 753 ತಳಿಗಳಲ್ಲಿ 640ರಲ್ಲಿ ಪರ್ಟಾಕ್ಟಿನ್ ಇರಲಿಲ್ಲ.

ಸಿಡ್ನಿಯ ಪ್ರಯೋಗಾಲಯದಲ್ಲಿ ಇಲಿಗಳಿಗೆ ಎರಡೂ ಬಗೆಯ ತಳಿ ಬೆರೆಸಿ ಸೋಂಕಿಸಿ ನೋಡಿದರು. ಲಸಿಕೆ ಪಡೆಯದ ಇಲಿಯಲ್ಲಿ ಪರ್ಟಾಕ್ಟಿನ್ ಇದ್ದದ್ದೇ ಗೆದ್ದಿತು. ಕೋಶರಹಿತ ಲಸಿಕೆ ಪಡೆದ ಇಲಿಯಲ್ಲಿ ಇಲ್ಲದ್ದು ಗೆದ್ದಿತು. ರುಮಾಲಿನಿಂದ ಕಳ್ಳನಿಗೂ ಉಪಯೋಗವಿದೆ. ಹಿಡಿಯುವವರು ಅದನ್ನೇ ಹುಡುಕುವ ಊರಿನಲ್ಲಿ ಮಾತ್ರ ಅದು ಹೊರೆ. ಜಪಾನಿನ ಅನುಭವವೂ ಇದಕ್ಕೆ ಪೂರಕ. ಅಲ್ಲಿ ಬಳಕೆಯ ಲಸಿಕೆಗಳು ಬದಲಾದ ನಂತರದ ವರ್ಷಗಳಲ್ಲಿ ಪರ್ಟಾಕ್ಟಿನ್ ಇಲ್ಲದ ತಳಿಗಳ ಪಾಲು ಇಳಿಯಿತು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ರೋಗಾಣು ಬದಲಾಯಿತೆಂದರೆ ಲಸಿಕೆ ಕೆಲಸಕ್ಕೆ ಬಾರದಾಯಿತು ಎಂದಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಬಹುಪಾಲು ತಳಿಗಳಲ್ಲಿ ಪರ್ಟಾಕ್ಟಿನ್ ಇಲ್ಲದಿದ್ದ ದಿನಗಳಲ್ಲೂ ಮಕ್ಕಳ ಲಸಿಕೆ ಶೇ 84ರಷ್ಟು ರಕ್ಷಣೆ ಕೊಟ್ಟಿತ್ತು. ಸೂಜಿ ತಪ್ಪಿಸಿಕೊಳ್ಳಲು ನೆವ ಹುಡುಕುವವರಿಗೆ ಈ ವಿಜ್ಞಾನದಲ್ಲಿ ಏನೂ ಸಿಗುವುದಿಲ್ಲ.

ಕೋಶರಹಿತ ಲಸಿಕೆಯ ದೊಡ್ಡ ಕೊರತೆ ಬೇರೆ ಕಡೆ ಇದೆ. ಅಮೆರಿಕದಲ್ಲಿ ಟಾಡ್ ಮರ್ಕಲ್ ತಂಡ ಬಬೂನ್ ಕೋತಿಗಳ ಮೇಲೆ ಪ್ರಯೋಗ ಮಾಡಿತು. ಕೋಶರಹಿತ ಲಸಿಕೆ ಪಡೆದ ಕೋತಿಗಳಿಗೆ ಕೆಮ್ಮು ಬರಲಿಲ್ಲ, ಆದರೆ ಸೋಂಕಿದ ಮೇಲೆ ರೋಗಾಣು ಅವುಗಳ ಗಂಟಲಲ್ಲಿ ಐದು ವಾರ ಇತ್ತು, ಜೊತೆಯ ಕೋತಿಗಳಿಗೂ ದಾಟಿತು. ಇಡಿಗೋಶ ಲಸಿಕೆ ಪಡೆದವು 18 ದಿನಗಳಲ್ಲಿ ಅದನ್ನು ಹೊರಹಾಕಿದವು. ಕೆಮ್ಮದ ಅಣ್ಣನಿಂದಲೋ ಅಮ್ಮನಿಂದಲೋ ತೊಟ್ಟಿಲ ಕೂಸಿಗೆ ರೋಗ ಬರುವ ದಾರಿ ಇದು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 9,000ಕ್ಕೂ ಹೆಚ್ಚು ಜನರಿಗೆ ನಾಯಿಕೆಮ್ಮು ಬಂದು 10 ಹಸುಗೂಸುಗಳು ಸತ್ತವು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ನಮ್ಮ ಕಡೆಯ ತಾಯಂದಿರು ಖಾರಪುಡಿ, ಅಂಟಿನ ಉಂಡಿ, ಕೌದಿ ಕಟ್ಟಿಕೊಳ್ಳುವುದರ ಜೊತೆಗೆ, ಅಲ್ಲಿನ ವೈದ್ಯರು ಹೇಳಿದರೆಂದು ತಾವೂ ನಾಯಿಕೆಮ್ಮಿನ ಭಾಗವಿರುವ ಒಂದು ಟಿಡ್ಯಾಪ್ ಸೂಜಿ ಹಾಕಿಸಿಕೊಂಡು ಹೋಗುವುದು ಇದಕ್ಕಾಗಿಯೇ. ಅರವತ್ತರ ಅಜ್ಜಿಗೆ ಮಕ್ಕಳ ಸೂಜಿ ಯಾಕೆಂದು ಮನೆಯಲ್ಲಿ ಅಚ್ಚರಿಪಡುವವರುಂಟು. ಆ ಸೂಜಿ ಅಜ್ಜಿಯ ಮಡಿಲಲ್ಲಿ ಮಲಗುವ ಮೊಮ್ಮಗುವಿನ ಸಲುವಾಗಿ.

ಇನ್ನು ನಮ್ಮ ನೆಲಕ್ಕೆ ಬರೋಣ. ಭಾರತದ ಸರ್ಕಾರಿ ಲಸಿಕಾ ಕಾರ್ಯಕ್ರಮ ಇಂದಿಗೂ ಇಡಿಗೋಶ ಲಸಿಕೆಯನ್ನೇ ನಂಬಿದೆ. ಆರು, ಹತ್ತು, ಹದಿನಾಲ್ಕನೇ ವಾರ ಡಿಪಿಟಿಯನ್ನೂ ಒಳಗೊಂಡ ಪೆಂಟಾವೇಲೆಂಟ್, 16ರಿಂದ 24 ತಿಂಗಳೊಳಗೆ ಒಂದು ಡಿಪಿಟಿ ಬೂಸ್ಟರ್, ಐದಾರು ವರ್ಷಕ್ಕೆ ಮತ್ತೊಂದು. 1987ರಲ್ಲಿ ದೇಶದಲ್ಲಿ ವರದಿಯಾದ ನಾಯಿಕೆಮ್ಮಿನ ಪ್ರಕರಣಗಳು ಸುಮಾರು 1 ಲಕ್ಷ 63 ಸಾವಿರ. 2018ಕ್ಕೆ ಅದು ಸುಮಾರು 13 ಸಾವಿರಕ್ಕೆ ಇಳಿದಿತ್ತು. ಕರ್ನಾಟಕದಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳ ಪಾಲು ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 62.6 ಇದ್ದದ್ದು, 2019–21ರ ಐದನೇ ಸಮೀಕ್ಷೆಗೆ ಶೇ 84.1 ಆಯಿತು. ಬಿಸಿಲಲ್ಲಿ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆಯರ ಕಾಲಿನ ದುಡಿಮೆ ಆ ಏರಿಕೆಯಲ್ಲಿದೆ.

“ಸೂಜಿ ಮಾಡಿಸಿದ್ರ ಎರಡ ದಿನ ಕೂಸಿಗೆ ಜ್ವರಾ ಬರತಾವ್ರೀ ಅಕ್ಕಾರ” ಎಂಬ ದೂರು ಬಾಗಲಕೋಟೆ, ಬಾದಾಮಿ, ಹುನಗುಂದದ ಯಾವ ಓಣಿಯಲ್ಲೂ ಕೇಳಿಬರುವಂಥದು. ಆ ದೂರು ನಿಜ. ರಾತ್ರಿಯೆಲ್ಲ ತೊಡೆ ಬಾತು ಅಳುವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗುವ ತಾಯಿಗೆ, ಮರುದಿನ ಕೂಲಿ ತಪ್ಪಿಸಿಕೊಳ್ಳುವ ಅಪ್ಪನಿಗೆ ಅದರ ಬೆಲೆ ಗೊತ್ತು. ಕೈಯಲ್ಲಿ ದುಡ್ಡಿದ್ದವರು ನೋವಿಲ್ಲದ್ದನ್ನು ಕೇಳುವುದು ಸಹಜ. ಆದರೂ ಭಾರತೀಯ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಮೊದಲ ಮೂರು ಡೋಸಿಗೆ ಇಡಿಗೋಶ ಲಸಿಕೆಯೇ ಮೇಲು ಎಂದು 2013ರಲ್ಲೇ ಸಲಹೆ ಕೊಟ್ಟಿತ್ತು. ಅದರ ರಕ್ಷಣೆ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ಕಾರಣ. ಅದರೊಂದಿಗೆ ಮೇಲಿನ ಕತೆಯನ್ನೂ ಸೇರಿಸಿ ನೋಡಬೇಕು. ನೂರಾರು ಗುರುತು ಕಲಿಸುವ ಲಸಿಕೆಯೆದುರು ಒಂದು ಪ್ರೋಟೀನು ಬಿಚ್ಚೆಸೆದು ಪಾರಾಗುವ ಅವಕಾಶ ರೋಗಾಣುವಿಗೆ ಕಡಿಮೆ. ಸರ್ಕಾರಿ ದವಾಖಾನೆಯ ಪುಕ್ಕಟೆ ಸೂಜಿ ಬಡವರ ಪಾಲಿನ ಎರಡನೇ ದರ್ಜೆಯದು ಎಂಬ ಭಾವನೆ ಪೂರ್ತಿ ತಪ್ಪು. ನಾಯಿಕೆಮ್ಮಿನ ಮಟ್ಟಿಗೆ ಅದೇ ಮೊದಲ ದರ್ಜೆಯದು.

ಕೊರತೆ ಇರುವುದು ಬೂಸ್ಟರಿನಲ್ಲಿ. ಈ ಜಿಲ್ಲೆಗೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದದ ಊರುಗಳಿಂದ, ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಕುಟುಂಬಗಳು ಕೂಸು ಕಟ್ಟಿಕೊಂಡು ಹೊರಡುತ್ತವೆ. ಹದಿನಾಲ್ಕನೇ ವಾರದ ಸೂಜಿ ಊರಲ್ಲಿ ಆಗಿರುತ್ತದೆ, ಒಂದೂವರೆ ವರ್ಷದ ಸೂಜಿಯ ಹೊತ್ತಿಗೆ ಕೂಸು ಯಾವುದೋ ಕಟ್ಟಡದ ಮರಳು ರಾಶಿಯ ಮೇಲೆ ಆಡುತ್ತಿರುತ್ತದೆ. ತಾಯಿ ಕಾರ್ಡು ಊರಿನ ಟ್ರಂಕಿನಲ್ಲಿ ಉಳಿದಿರುತ್ತದೆ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಟಿಡಿ ಲಸಿಕೆಯಲ್ಲಿ ಧನುರ್ವಾಯು ಮತ್ತು ಗಂಟಲಮಾರಿಯ ಭಾಗವಿದೆ, ನಾಯಿಕೆಮ್ಮಿನದಿಲ್ಲ. ಹಾಗಾಗಿ ಹುಟ್ಟಿದ ದಿನದಿಂದ ಆರನೇ ವಾರದವರೆಗೆ ಕೂಸಿಗೆ ಸುತ್ತಲಿನವರ ಗಂಟಲು ಶುದ್ಧವಾಗಿರುವುದೊಂದೇ ಕಾವಲು. ಬೂಸ್ಟರ್ ತಪ್ಪಿದ ಅಣ್ಣ ಅಕ್ಕಂದಿರು ಆ ಕಾವಲಿನ ಸಂದಿಗಳು.

ನಮ್ಮ ಗಂಟಲುಗಳಲ್ಲಿ ಯಾವ ತಳಿ ಓಡಾಡುತ್ತಿದೆ ಎಂದು ನೋಡುವ ಕೆಲಸ ಇನ್ನೊಂದು. ಡಚ್ಚರಿಗೆ ತಮ್ಮ ರೋಗಾಣುವಿನ ಚರಿತ್ರೆ ತಿಳಿದದ್ದು ಪ್ರತಿಭೆಯಿಂದಷ್ಟೇ ಅಲ್ಲ, ಎತ್ತಿಟ್ಟ ಬಾಟಲಿಗಳಿಂದ. ಇಲ್ಲಿ ಐಎಸ್481 ಎರಡನೇ ಸಲ ಎದುರಾಗುತ್ತದೆ. ಜೀನೋಮಿನ 200ಕ್ಕೂ ಹೆಚ್ಚು ಕಡೆ ಇರುವುದರಿಂದ ಅದನ್ನು ಪಿಸಿಆರ್ ಪರೀಕ್ಷೆ ಸುಲಭವಾಗಿ ಹಿಡಿಯುತ್ತದೆ. ಒಂದೇ ದಿನದಲ್ಲಿ ರೋಗ ಪತ್ತೆ. ಆದರೆ ಪಿಸಿಆರ್ ಆದ ಮೇಲೆ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬೆಳೆಸದಿದ್ದರೆ ಪೂರ್ತಿ ಜೀನೋಮ್ ಓದುವುದು ಕಷ್ಟ, ಔಷಧಕ್ಕೆ ಬಗ್ಗುತ್ತದೆಯೇ ಎಂದು ನೋಡುವುದೂ ಕಷ್ಟ. ಚೀನಾದಲ್ಲಿ ಅಜಿತ್ರೊಮೈಸಿನ್ ಗುಂಪಿನ ಔಷಧಗಳಿಗೆ ಬಗ್ಗದ ತಳಿಗಳು ವ್ಯಾಪಕವಾಗಿವೆ. ಇಲ್ಲಿ ನಾಯಿಕೆಮ್ಮಿಗೆ ಮೊದಲು ಕೊಡುವುದು ಅದೇ ಔಷಧ. ಇದೇ ಐಎಸ್481 ಬೋರ್ಡೆಟೆಲ್ಲಾ ಹೋಮ್ಸಿಯೈ ಎಂಬ ಇನ್ನೊಂದು ಜೀವಿಯಲ್ಲೂ ಇದೆ. ಚಂಡೀಗಢದ ಪಿಜಿಐ ಸಂಶೋಧಕರು ಉತ್ತರ ಭಾರತದ ನಾಯಿಕೆಮ್ಮಿನಂಥ ಕಾಯಿಲೆಗಳಲ್ಲಿ ಅದನ್ನೂ ಗುರುತಿಸಿದ್ದಾರೆ. ಪಿಸಿಆರ್ ಒಂದನ್ನೇ ನಂಬಿದರೆ ಎರಡೂ ಒಂದೇ ಎನಿಸೀತು.

ಬಾಗಲಕೋಟೆಗೆ ಈ ಕೆಲಸ ಎಟುಕದ್ದೇನೂ ಅಲ್ಲ. ವಿದ್ಯಾವರ್ಧಕ ಸಂಘದ್ದೇ ಆದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಿಂದ ನವನಗರದಲ್ಲಿದೆ, ಜೊತೆಗೆ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಿದೆ. ಬೇಕಾದದ್ದು ಪಾಲಿಯೆಸ್ಟರ್ ತುದಿಯ ತೆಳು ಕಡ್ಡಿಯೊಂದು. ಅದನ್ನು ಮೂಗಿನ ಹೊಳ್ಳೆಯಿಂದ ಗಂಟಲಿನ ಹಿಂಬದಿ ಮುಟ್ಟುವವರೆಗೆ ಮೆಲ್ಲಗೆ ಒಳಬಿಟ್ಟು, ಕೆಲವು ಕ್ಷಣ ಹಾಗೇ ಹಿಡಿದು, ಹೊರತೆಗೆದ ಕೂಡಲೇ ಇದ್ದಿಲು ಬೆರೆಸಿದ ಕಪ್ಪು ಪಾಕದ ಮೇಲೆ ಉಜ್ಜಬೇಕು. ಔಷಧದ ಮೊದಲ ಗುಟುಕಿಗೆ ಮುಂಚೆಯೇ ಇದು ಆಗಬೇಕು, ತಡವಾದರೆ ಏನೂ ಬೆಳೆಯುವುದಿಲ್ಲ. ಮೂರನೇ ದಿನ ನೋಡಿದರೆ ತಟ್ಟೆ ಖಾಲಿ. ನಾಲ್ಕನೆಯ ದಿನವೋ ಐದನೆಯ ದಿನವೋ, ಬೆಳಕಿಗೆ ಓರೆಯಾಗಿ ಹಿಡಿದಾಗ, ಕಪ್ಪು ಪಾಕದ ಮೇಲೆ ಪಾದರಸದ ಹನಿಯಂತೆ ಹೊಳೆಯುವ ಚುಕ್ಕಿಗಳು ಕಾಣುತ್ತವೆ.